ಓಡುತ್ತಿರುವ ಯಂತ್ರಕ್ಕೆ ಮೆಮೊರಿ ಬಡಿಸುವುದು

ಪ್ರಶ್ನೆ: ಒಂದೇ ಸರ್ವರ್‌ನೊಳಗಿನ ಹಲವು ‘ಯಂತ್ರ’ಗಳ ಮೆಮೊರಿಯನ್ನು, ಅವುಗಳನ್ನು ನಿಲ್ಲಿಸದೆ, ಬರಿಯ ಆದೇಶ ಟೈಪಿಸಿ ಬದಲಿಸಬಹುದೇ?

ಬದಲಿಸಬಹುದು. ಐಬಿಎಂನ ಪವರ್ ಸರ್ವರ್‌ಗಳಲ್ಲಿ ಇದು ನಿತ್ಯದ ಕೆಲಸ. ಅಲ್ಲಿ ಒಂದು ಯಂತ್ರವನ್ನು ಲಾಜಿಕಲ್ ಪಾರ್ಟಿಶನ್‌ಗಳಾಗಿ ಹಂಚುತ್ತಾರೆ. ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಸಂಸಾರಗಳಂತೆ. ಯಾರಿಗೆ ಎಷ್ಟು ಪಾಲು ಎಂಬ ಲೆಕ್ಕವನ್ನು ಎಚ್‌ಎಂಸಿ ಎಂಬ ಪ್ರತ್ಯೇಕ ನಿರ್ವಹಣಾ ಕನ್ಸೋಲ್‌ನಿಂದ ನೋಡಿಕೊಳ್ಳುತ್ತಾರೆ.

ಆ ಕನ್ಸೋಲ್‌ನಲ್ಲಿ ಬದಲಾವಣೆಗೆ ಮುಖ್ಯವಾಗಿ ಎರಡು ಆದೇಶಗಳಿವೆ. ಹೆಸರುಗಳು ನಾಲಿಗೆಗೆ ಕಗ್ಗಂಟು: ‘ಸಿಎಚ್‌ಸಿಸ್‌ಸಿಎಫ್‌ಜಿ’ ಮತ್ತು ‘ಸಿಎಚ್‌ಎಚ್‌ಡಬ್ಲ್ಯುರೆಸ್’. ಮೊದಲನೆಯದು ಪಾರ್ಟಿಶನ್‌ನ ಪ್ರೊಫೈಲ್, ಅಂದರೆ ಕಾಗದದ ಮೇಲಿನ ಒಪ್ಪಂದವನ್ನು ತಿದ್ದಬಲ್ಲದು. ಎರಡನೆಯದು ಓಡುತ್ತಿರುವ ಪಾರ್ಟಿಶನ್‌ಗೇ ಕೈ ಹಾಕುತ್ತದೆ: 1024 ಎಂಬಿ ಸೇರಿಸು ಎಂದರೆ ಆಗಲೇ ಸೇರಿಸುತ್ತದೆ. ಆದರೆ ಪ್ರೊಫೈಲ್‌ನಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿಯನ್ನು ದಾಟುವಂತಿಲ್ಲ. ಆ ಮಿತಿ ಏರಿಸಬೇಕಾದರೆ ಪಾರ್ಟಿಶನ್ ಮುಚ್ಚಿ, ಹೊಸ ಪ್ರೊಫೈಲ್‌ನಿಂದ ಎಬ್ಬಿಸಬೇಕು.

ಎಡವುವುದೂ ಇಲ್ಲೇ. ರಾತ್ರಿ ಅವಸರದಲ್ಲಿ ಸೇರಿಸಿದ ಮೆಮೊರಿಯನ್ನು ಪ್ರೊಫೈಲ್‌ಗೂ ಬರೆಯದಿದ್ದರೆ, ಮುಂದೊಮ್ಮೆ ಪಾರ್ಟಿಶನ್ ಮುಚ್ಚಿ ಹಳೆಯ ಪ್ರೊಫೈಲ್‌ನಿಂದ ಶುರು ಮಾಡಿದಾಗ ಹಳೆಯ ಪಾಲೇ ಮರಳುತ್ತದೆ.

ಹೀಗೆ ಹಂಚುವ ವಿದ್ಯೆ ಮೇನ್‌ಫ್ರೇಮ್‌ಗಳಿಂದ ಬಂದದ್ದು. 2004ರಲ್ಲಿ ಐಬಿಎಂನ ಪವರ್5 ಬಂದಾಗ ಒಂದು ಪ್ರೊಸೆಸರ್‌ನ ಹತ್ತನೇ ಒಂದು ಪಾಲನ್ನೂ ಪಾರ್ಟಿಶನ್‌ಗೆ ಕೊಡುವಷ್ಟು ಅದು ಸೂಕ್ಷ್ಮವಾಯಿತು. ಆದೇಶ ಟೈಪಿಸದೆ ಮೌಸ್‌ನಿಂದಲೂ ಈ ಬದಲಾವಣೆಗಳೆಲ್ಲ ಆಗುತ್ತವೆ, ನಿಜ. ನಲವತ್ತು ಪಾರ್ಟಿಶನ್‌ಗಳಿಗೆ ಅದೇ ಬದಲಾವಣೆ ಮಾಡಬೇಕಾದವರು ಮಾತ್ರ ಸ್ಕ್ರಿಪ್ಟ್ ಬರೆದು, ಕಾಫಿಗೆ ಹೋಗುತ್ತಾರೆ.