ಚೈತ್ರಮಾಸದ ಹಿತ್ತಿಲ ಕೆಲಸ: ತರಗೆಲೆಯ ಸದುಪಯೋಗ

ಬಯಲುಸೀಮೆಯಲ್ಲಿ ವಸಂತಋತುವಿನ ಆರಂಭಕ್ಕೆ ಹೊಂಗೆ, ಬೇವು ಮೊದಲಾದ ಮರಗಳು ಹಳೆಯ ಎಲೆಗಳನ್ನು ಉದುರಿಸುವುವು. ಈ ತರಗೆಲೆಯನ್ನು ಗುಡಿಸಿ ಸುಡುವ ವಾಡಿಕೆಯುಂಟು. ಇದರಿಂದ ಬಹಳ ನಷ್ಟವಾಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದಾದರೂ, ಪೈರಿಗೆ ಅತ್ಯಾವಶ್ಯಕವಾದ ಸಾರಜನಕವು ಹೊಗೆಯೊಡನೆ ಹೋಗಿಬಿಡುವುದು.

ತರಗೆಲೆಯ ಒಂದು ಪಾಲನ್ನು ಬದನೆ, ಮೆಣಸಿನಗಿಡಗಳ ಪಾತಿಗಳಲ್ಲಿ 2 ಅಂಗುಲ ದಪ್ಪವಾಗಿ, ಕಾಂಡಕ್ಕೆ ತಗುಲದಂತೆ ಹರಡತಕ್ಕದ್ದು. ನೆಲದ ತೇವವು ಬೇಗನೆ ಆರದು. ಬಾವಿಗಳು ಬತ್ತುವ ಈ ಕಾಲದಲ್ಲಿ ನೀರು ಉಳಿತಾಯವಾಗುವುದು. ಗೆದ್ದಲು ಕಂಡಲ್ಲಿ ಹೊದಿಕೆಯನ್ನು ಕೂಡಲೇ ತೆಗೆಯಬೇಕು. ನೀರನ್ನು ಬಿಸಿಲು ಇಳಿದ ಮೇಲೆ ಹಾಯಿಸುವುದು ಲೇಸು.

ಉಳಿದ ಎಲೆಯನ್ನು, ಮಳೆಯ ನೀರು ನಿಲ್ಲದ ಎತ್ತರದ ಸ್ಥಳದಲ್ಲಿ 3 ಅಡಿ ಆಳದ ಗುಂಡಿ ತೋಡಿ, ಪದರ ಪದರವಾಗಿ ತುಂಬತಕ್ಕದ್ದು. ಪ್ರತಿ ಪದರದ ಮೇಲೂ ಸಗಣಿಯ ಬಗ್ಗಡವನ್ನೂ, ಸ್ವಲ್ಪ ಬೂದಿ ಮತ್ತು ಮಣ್ಣನ್ನೂ ಹಾಕಿ ತೇವವಾಗಿಡಬೇಕು. ಇದಕ್ಕೆ ಪಾತ್ರೆ ತೊಳೆದ ನೀರೇ ಸಾಕು. ಆಲ್ಬರ್ಟ್ ಹೊವಾರ್ಡರು 1931ರಲ್ಲಿ ಪ್ರಕಟಿಸಿದ ಇಂದೂರು ಪದ್ಧತಿಯಂತೆ ಮೂರು ಸಲ ಮಗುಚಿದಲ್ಲಿ, ಸುಮಾರು 3 ತಿಂಗಳಲ್ಲಿ ಗೊಬ್ಬರವು ಹದಕ್ಕೆ ಬರುವುದು. ಚೈತ್ರದಲ್ಲಿ ತುಂಬಿದ ಗುಂಡಿಯು ಆಷಾಢದ ಬಿತ್ತನೆಗೆ ಒದಗುವುದು.

ಗ್ರಾಮದ ಯಜಮಾನರೂ ಭೂಮಾಲೀಕರೂ ಮೊದಲು ತಮ್ಮ ಹಿತ್ತಿಲಿನಲ್ಲಿ ಇಂತಹ ಒಂದು ಗುಂಡಿಯನ್ನು ಮಾಡಿ ತೋರಿಸಿದರೆ, ನೆರೆಹೊರೆಯವರು ತಾವಾಗಿಯೇ ಅನುಸರಿಸುವರು.