ಆರು ಗ್ರಾಂ ಮಣ್ಣಿನೊಳಗೆ ಒಂದು ಎಕರೆ

ಹಳ್ಳದ ಉಸುಕನ್ನು ಹೇರಿಕೊಂಡು ಬಂದು ಒಳ್ಳೆಯ ಎರಿ (ಕಪ್ಪು ಮಣ್ಣಿನ) ಹೊಲದ ಮೇಲೆ ಹರವುತ್ತಾರೆ! ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಕಡೆಯ, ಪಕ್ಕದ ಗದಗ ಸೀಮೆಯ ಒಣಬೇಸಾಯದ ರೈತರು ಮಾಡುವ ಈ ಕೆಲಸದ ಬಗ್ಗೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ಉಸುಕಿನಲ್ಲಿ ಏನಿದೆ? ಸಾರಜನಕ ಇಲ್ಲ. ರಂಜಕ, ಪೊಟ್ಯಾಷ್ ಬೆಳೆಗೆ ದಕ್ಕುವಷ್ಟು ಇಲ್ಲ. ಗೊಬ್ಬರದ ಅಂಗಡಿಯ ಲೆಕ್ಕದಲ್ಲಿ ಅದು ಬರೀ ಸೊನ್ನೆ. ಆದರೂ ಉಸುಕು ಹೊದ್ದ ಹೊಲದಲ್ಲಿ ಮುಂಗಾರಿಗೆ ಹೆಸರು ಬೆಳೆದು, ಅದನ್ನು ಕಿತ್ತ ಮೇಲೆ ಹಿಂಗಾರಿಗೆ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತುತ್ತಾರೆ. ಒಂದೇ ಮಳೆ, ಒಂದೇ ನೆಲ, ಎರಡು ಬೆಳೆ! ಉಸುಕಿಲ್ಲದ ಎರಿಯಲ್ಲಿ ಮುಂಗಾರು ಮುಗಿಯುವ ತನಕ ಹೊಲವನ್ನು ಖಾಲಿ ಬಿಟ್ಟು, ಹರಗಿ ಹರಗಿ ನೆಲದೊಳಗೆ ಹಸಿ ಕೂಡಿಟ್ಟು, ಹಿಂಗಾರಿನ ಒಂದೇ ಬೆಳೆಗೆ ಕಾಯುವುದು ತಲೆಮಾರುಗಳ ವಾಡಿಕೆ.

ಗಿಡಕ್ಕೆ ಏನನ್ನೂ ತಿನ್ನಿಸದ ಒಂದು ವಸ್ತು ಗಿಡವನ್ನು ಬೆಳೆಸುವುದು ಹೇಗೆ? ಈ ಪ್ರಶ್ನೆಯ ಹಿಂದೆ ಹೊರಟರೆ ಕೊಪ್ಪಳ ಜಿಲ್ಲೆಯ ನೆಲದಡಿ ತೆರೆದುಕೊಳ್ಳುವ ಲೋಕಕ್ಕೆ ಕೊನೆಯೇ ಇಲ್ಲ.

ಮೊದಲು ಎರಿ ಮಣ್ಣನ್ನೇ ನೋಡಿ. ಅದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಧಾರಾಳವಾಗಿದೆ. ಅದರ ಪ್ರತಿ ಕಣವೂ ಊಹೆಗೆ ನಿಲುಕದಷ್ಟು ತೆಳುವಾದ ಹಾಳೆಗಳ ಅಟ್ಟಿ. ನೀರು ತಾಗಿದೊಡನೆ ಹಾಳೆ ಹಾಳೆಯ ನಡುವೆ ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದರೆ ಕುಗ್ಗಿ, ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ. ಈ ಹಾಳೆಗಳನ್ನೆಲ್ಲ ಬಿಡಿಸಿ ಹರವಿದರೆ? ಶುದ್ಧ ಮಾಂಟ್‌ಮೊರಿಲೊನೈಟಿನ ಒಂದೇ ಗ್ರಾಂ 700ರಿಂದ 800 ಚದರ ಮೀಟರ್ ಜಾಗವನ್ನು ಮುಚ್ಚುತ್ತದೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಲೆಕ್ಕ ಹಾಕಿ: ಆರು ಗ್ರಾಂ ಸಾಕು, ಒಂದು ಎಕರೆ ಆಯಿತು! ಅಂಗೈ ಮೇಲಿನ ಚಿಟಿಕೆ ಮಣ್ಣಿನೊಳಗೆ ಒಂದು ಹೊಲ ಮಡಚಿಕೊಂಡು ಕುಳಿತಿದೆ. ಕುಷ್ಟಗಿ ಕಡೆಯ ಮಸಾರಿ (ಕೆಂಪು) ನೆಲದ ಜೇಡಿಯಲ್ಲಿ ಕೇಓಲಿನೈಟ್ ಹೆಚ್ಚು. ಅದರ ಒಂದು ಗ್ರಾಮಿಗೆ ದಕ್ಕುವುದು ಹತ್ತಿಪ್ಪತ್ತು ಚದರ ಮೀಟರ್ ಮಾತ್ರ. ಒಂದೇ ಜಿಲ್ಲೆಯಲ್ಲಿ, ಬಸ್ಸಿನಲ್ಲಿ ಒಂದೆರಡು ತಾಸಿನ ಅಂತರದಲ್ಲಿ, ಇಷ್ಟು ದೂರದ ಎರಡು ಲೋಕಗಳು. ಇಟಗಿಯ ಮಹಾದೇವ ದೇವಾಲಯ ನೋಡಲು ಹೋಗುವವರು 1112ರ ಆ ಕಲ್ಲಿನ ಕುಸುರಿಗೆ ಬೆರಗಾಗಿ ಬರುತ್ತಾರೆ, ಸರಿಯೇ. ದಾರಿಯ ಪಕ್ಕದ ಎರಿ ಹೆಂಟೆಯೊಂದನ್ನು ಕೈಗೆತ್ತಿಕೊಂಡೂ ನೋಡಬೇಕು. ಅದರೊಳಗಿನ ಕುಸುರಿ ಅದಕ್ಕಿಂತ ಸೂಕ್ಷ್ಮ.

ಇಷ್ಟೊಂದು ಮೈ ಇರುವ ಮಣ್ಣು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಅದೇ ಅದರ ಬಲ, ಅದೇ ಅದರ ತೊಡಕು. ಬರಿಮೈ ಎರಿಯ ಮೇಲೆ ಬಿರುಸಿನ ಹನಿ ಬಿದ್ದರೆ ಹೆಂಟೆ ಒಡೆದು, ಸಣ್ಣ ಕಣಗಳು ರಂಧ್ರಗಳಲ್ಲಿ ಸಿಕ್ಕಿಕೊಂಡು, ಮೇಲ್ಪದರ ಉಬ್ಬಿ ಮುಚ್ಚಿಕೊಳ್ಳುತ್ತದೆ. ಆಮೇಲಿನ ಮಳೆ ಹರಿದು ಹಳ್ಳ ಸೇರುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಾಡಿದು. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ 4,000 ಲೀಟರ್ ನೀರು. ಹತ್ತು ಮಿಲಿಮೀಟರ್ ಹರಿದು ಹೋದರೆ 40,000 ಲೀಟರ್ ಹೋಯಿತು! ಒಳಗಿಳಿದ ನೀರೂ ಸುಮ್ಮನಿರುವುದಿಲ್ಲ. ಬಿಸಿಲು ಬಿದ್ದೊಡನೆ ಮೇಲಿನ ಪದರ ಒಣಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ, ಜೇಡಿಯ ಕೂದಲೆಳೆಗಿಂತ ಸಣ್ಣ ರಂಧ್ರಗಳು ಆಳದ ಹಸಿಯನ್ನು ಮೇಲಕ್ಕೆಳೆದು ಗಾಳಿಗೆ ಒಪ್ಪಿಸುತ್ತವೆ.

ಉಸುಕು ಬಂದು ಕೂರುವುದು ಇಲ್ಲಿ, ಇದೇ ಜಾಗದಲ್ಲಿ! ಹನಿಯ ಪೆಟ್ಟನ್ನು ಉಸುಕು ತಿನ್ನುತ್ತದೆ, ಜೇಡಿಗೆ ತಾಗಗೊಡುವುದಿಲ್ಲ. ಹರಳುಗಳ ನಡುವಿನ ದೊಡ್ಡ ಸಂದುಗಳಲ್ಲಿ ನೀರು ಸರಸರನೆ ಇಳಿದು ಎರಿಯನ್ನು ಮುಟ್ಟುತ್ತದೆ. ಹಿಂದಿರುಗಿ ಬರಲು ಹೊರಟರೆ ದಾರಿಯೇ ಇಲ್ಲ. ಸಣ್ಣ ರಂಧ್ರ ಬಿಗಿಯಾಗಿ ಹಿಡಿದ ನೀರನ್ನು ತನ್ನತ್ತ ಎಳೆದುಕೊಳ್ಳುವ ಶಕ್ತಿ ದೊಡ್ಡ ಸಂದಿಗೆ ಇಲ್ಲ. ಬತ್ತಿ ಅಲ್ಲಿಗೆ ತುಂಡಾಯಿತು. ನೀರಿಗೆ ಒಳಬಾಗಿಲು ಉಂಟು, ಹೊರಬಾಗಿಲು ಇಲ್ಲ. ಉಳಿದ ಹಸಿಯಲ್ಲಿ ಎರಿ ಬೇಗ ಬಿರಿಯುವುದೂ ಇಲ್ಲ, ಬೇರು ಹರಿಯುವುದೂ ಇಲ್ಲ. ಉಸುಕು ಹಾಕಿದ ಹೊಲಕ್ಕೆ ಆಳದ ನೇಗಿಲು ಹೂಡಬಾರದು ಎನ್ನುವುದರ ಅರ್ಥವೂ ಇದೇ: ಉಸುಕು ಜೇಡಿಯಲ್ಲಿ ಬೆರೆತು ಹೋದರೆ ಆಟ ಮುಗಿಯಿತು, ಅದು ಮೇಲೆಯೇ ಇರಬೇಕು. ಹಿಂಗಾರಿ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆದು ಪುಡಿಮಣ್ಣಿನಿಂದ ಬಿರುಕು ಮುಚ್ಚುವ ರೈತ ಕೂಡ ಪ್ರತಿ ವರ್ಷ ಮಾಡುತ್ತಿರುವುದು ಈ ಬತ್ತಿಯನ್ನು ಕತ್ತರಿಸುವ ಕೆಲಸವನ್ನೇ.

ಇನ್ನೂ ಕೇಳಿ. ಅಟ್ಲಾಂಟಿಕ್ ಸಾಗರದ ಲಾಂಜರೋಟೆ ದ್ವೀಪದಲ್ಲಿ 1730ರಿಂದ 1736ರ ತನಕ ಜ್ವಾಲಾಮುಖಿ ಕಾರಿತು. ಊರುಗಳು ಮುಳುಗಿದವು, ಹೊಲಗಳ ಮೇಲೆ ಕರಿಯ ಹರಳಿನ ಮಳೆ ಸುರಿಯಿತು. ಬದುಕು ಮುಗಿಯಿತೆಂದುಕೊಂಡವರು ಕಂಡದ್ದೇನು? ಹರಳು ತೆಳುವಾಗಿ ಮುಚ್ಚಿದ ಕಡೆ ಬೆಳೆ ಮೊದಲಿಗಿಂತ ಚೆನ್ನಾಗಿ ಬಂತು! ವರ್ಷಕ್ಕೆ 150 ಮಿಲಿಮೀಟರಿನಷ್ಟು ಮಳೆಯ ಆ ದ್ವೀಪದಲ್ಲಿ ಇಂದಿಗೂ ಕರಿಹರಳಿನ ಹೊದಿಕೆಯಡಿ ದ್ರಾಕ್ಷಿ ಬೆಳೆಯುತ್ತಾರೆ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ, ಲಾಂಜೌ ನಗರದ ಸುತ್ತ, ಹೊಲಕ್ಕೆ ಬೆಣಚುಕಲ್ಲು ಮತ್ತು ಉಸುಕು ಹರವಿ ಕಲ್ಲಂಗಡಿ ಬೆಳೆಯುವ ಪದ್ಧತಿಗೆ ಶತಮಾನಗಳ ವಯಸ್ಸು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲದ ಮೂರು ಸೀಮೆಯ ಒಕ್ಕಲಿಗರು, ಒಂದೇ ಉತ್ತರ. ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕೆ?

ಖರ್ಚು ದೊಡ್ಡದು, ಅದನ್ನು ಮುಚ್ಚಿಡಬಾರದು. ಮೂರು ಅಂಗುಲ ದಪ್ಪಕ್ಕೆ ಎಕರೆಗೆ 300 ಘನ ಮೀಟರ್ ಉಸುಕು ಬೇಕು, ಸುಮಾರು ನೂರು ಟ್ರ್ಯಾಕ್ಟರ್ ಟ್ರೇಲರ್. ಹಳ್ಳದ ಉಸುಕು ಹಳ್ಳಕ್ಕೂ ಬೇಕು, ಬಾವಿಗಳಿಗೆ ನೀರು ಇಂಗಿಸುವುದು ಅದೇ. ಹೊಲಕ್ಕೆ ತುಂಬಿದ ಹೂಳನ್ನು, ಕೆರೆಯ ಬಾಯಿಯಲ್ಲಿ ನಿಂತ ಉಸುಕನ್ನು ಎತ್ತುವುದು ಒಂದು, ಹಳ್ಳವನ್ನೇ ಬೋಳು ಮಾಡುವುದು ಇನ್ನೊಂದು. ಎರಡನೆಯದನ್ನು ನಾನು ಒಪ್ಪಲಾರೆ.

ಈಗ ಇದೇ ಜಿಲ್ಲೆಯ ಗಂಗಾವತಿಗೆ ಬನ್ನಿ. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಹರಿಯಿತು. ಜೋಳದ ಸೀಮೆ ಭತ್ತದ ಕಣಜವಾಯಿತು. ಇಲ್ಲಿ ನೀರಿಗೆ ಬರವಿಲ್ಲ ಎಂದಾದರೆ ಬತ್ತಿಯ ಕಾಟವೂ ಇರಬಾರದಲ್ಲ? ಇದೆ! ಯಲಬುರ್ಗಾದಲ್ಲಿ ನೀರನ್ನು ಕದ್ದ ಅದೇ ಶಕ್ತಿ ಇಲ್ಲಿ ಉಪ್ಪನ್ನು ತಂದು ಸುರಿಯುತ್ತದೆ. ವರ್ಷವರ್ಷ ನಿಂತ ನೀರು ಇಂಗಿ, ಬಸಿದು ಹೋಗಲು ದಾರಿಯಿಲ್ಲದೆ ನೆಲದಡಿಯ ನೀರಿನ ಮಟ್ಟ ಮೇಲೇರಿತು. ಅಷ್ಟು ಎತ್ತರಕ್ಕೆ ಬಂದ ನೀರನ್ನು ಜೇಡಿ ಬೇಸಿಗೆಯಲ್ಲಿ ಎಳೆದುಕೊಂಡಿತು. ನೀರು ಆವಿಯಾಯಿತು, ಉಪ್ಪು ಉಳಿಯಿತು. ರೈತರು ಸವಳು ಎನ್ನುವುದು ಇದಕ್ಕೆ. ನೀರು ನಿಂತು ಕೆಟ್ಟದ್ದು ಜವಳು.

ಉಪ್ಪಿನೊಳಗಿನ ಸೋಡಿಯಂ ಜೇಡಿಯ ಹಾಳೆಗಳ ಮೇಲೆ ಹತ್ತಿ ಕುಳಿತರೆ ಇನ್ನೊಂದು ವಿಪರೀತ ನಡೆಯುತ್ತದೆ. ಹಾಳೆಗಳೆಲ್ಲ ಋಣ ವಿದ್ಯುದಂಶದವು, ತಮ್ಮತಮ್ಮಲ್ಲೇ ಒಂದನ್ನೊಂದು ದೂಡುವಂಥವು. ಅವುಗಳನ್ನು ಜೊತೆಯಲ್ಲಿ ಹಿಡಿಯಬೇಕಾದರೆ ನಡುವೆ ಧನ ವಿದ್ಯುದಂಶದವರು ಬೇಕು. ಸೋಡಿಯಂನಲ್ಲಿರುವುದು ಒಂದೇ, ಅದೂ ಸುತ್ತ ನೀರಿನ ದಪ್ಪ ಕವಚ ಹೊತ್ತು ಬರುತ್ತದೆ. ಹಿಡಿತ ಸಡಿಲ. ಮಳೆಯೋ ಒಳ್ಳೆಯ ನೀರೋ ಬಿದ್ದೊಡನೆ ಹಾಳೆಗಳು ಚೆದುರಿ, ತೇಲಿ, ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಗಾಳಿ ಇಲ್ಲ, ನೀರು ಇಳಿಯುವುದಿಲ್ಲ, ಒಣಗಿದರೆ ಕಲ್ಲು. ಎಷ್ಟು ಯೂರಿಯಾ ಸುರಿದರೂ ಬೇರಿಗೆ ಉಸಿರಿಲ್ಲ. ಆಗ ಜಿಪ್ಸಮ್ ಹಾಕಿ! ಜಿಪ್ಸಮ್ಮಿನ ಕ್ಯಾಲ್ಸಿಯಂನಲ್ಲಿ ಎರಡು ಧನ ವಿದ್ಯುದಂಶ. ಅದು ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ, ಹಾಳೆಗಳನ್ನು ಬಿಗಿದು ಸಣ್ಣ ಮುದ್ದೆಗಳಾಗಿಸುತ್ತದೆ, ಮುಚ್ಚಿದ ರಂಧ್ರಗಳು ತೆರೆಯುತ್ತವೆ. ಒಂದು ವಿದ್ಯುದಂಶಕ್ಕೂ ಎರಡಕ್ಕೂ ನಡುವಿನ ವ್ಯತ್ಯಾಸದ ಮೇಲೆ ಒಂದು ಕುಟುಂಬದ ಊಟ ನಿಂತಿದೆ ಎಂದರೆ ಮೈ ಜುಮ್ಮೆನ್ನುವುದಿಲ್ಲವೆ? ಎದ್ದ ಸೋಡಿಯಂ ಮಾತ್ರ ಹೊಲ ಬಿಟ್ಟು ಹೋಗಲೇಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಮ್ ಹಾಕಿದರೆ ಫಲವಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಮಣ್ಣಿನ ಮೇಲೆ, ನೆಲದಡಿ ರಂಧ್ರದ ಕೊಳವೆ ಹೂತು ನೀರು ಬಸಿಯುವ ವಿಧಾನದ ಮೇಲೆ ವರ್ಷಾನುಗಟ್ಟಲೆ ದುಡಿದಿರುವುದು ಅದಕ್ಕೇ.

ಇದನ್ನು ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು, ಒಣಗಿದ ಸಣ್ಣ ಹೆಂಟೆಯೊಂದನ್ನು ಮೆಲ್ಲಗೆ ಇಳಿಬಿಡಿ. ಕದಡಬೇಡಿ. ಹೆಂಟೆ ಉದುರಿದರೂ ನೀರು ತಿಳಿಯಾಗಿ ಉಳಿದರೆ ಜೇಡಿ ಗಟ್ಟಿ. ಸುತ್ತ ಹಾಲಿನಂಥ ಮಬ್ಬು ಹರಡಿದರೆ ಸೋಡಿಯಂನ ಮೇಲೆ ಅನುಮಾನ ಪಡಿ, ಮಣ್ಣನ್ನು ಪರೀಕ್ಷೆಗೆ ಕಳಿಸಿ. ಉಪ್ಪೇ ವಿಪರೀತವಾಗಿದ್ದರೆ ಈ ಮಬ್ಬು ಕಾಣದೆಯೂ ಹೋಗಬಹುದು.

ಅದೇ ಜಿಪ್ಸಮ್ ಚೀಲವನ್ನು ಕುಷ್ಟಗಿಯ ಮಸಾರಿಗೆ ಒಯ್ಯಿರಿ. ಅಲ್ಲಿ ಸವಳಿಲ್ಲ, ಆದರೂ ಶೇಂಗಾಕ್ಕೆ ಅದು ಬೇಕು. ಕಾರಣ ಕೇಳಿದರೆ ಬೆರಗಾಗುತ್ತೀರಿ! ಶೇಂಗಾ ಹೂ ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗಳತ್ತ ಏರುತ್ತದೆ, ಏಕೆಂದರೆ ನೀರು ಆವಿಯಾಗುವುದು ಅಲ್ಲಿಂದ. ಎಲೆ ಸೇರಿದ ಕ್ಯಾಲ್ಸಿಯಂ ಕೆಳಗೆ ಇಳಿದು ಬರುವುದಿಲ್ಲ. ಕತ್ತಲೆಯಲ್ಲಿರುವ ಕಾಯಿಗೆ ಯಾರು ಕೊಡಬೇಕು? ಕಾಯಿ ತಾನೇ ತನ್ನ ಸಿಪ್ಪೆಯ ಮೂಲಕ ಸುತ್ತಲ ಮಣ್ಣಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ! ತಾಯಿಬೇರು ಎಷ್ಟೇ ಉಂಡರೂ, ಕಾಯಿಯ ಸುತ್ತಲ ಎರಡು ಮೂರು ಅಂಗುಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಕಾಯಿ ಜೊಳ್ಳು. ಹೂವಿನ ಬುಡದಿಂದ ಚೂಪು ತೊಟ್ಟುಗಳು ನೆಲಕ್ಕಿಳಿಯುವ ಹೊತ್ತಿಗೆ ಗಿಡದ ಬುಡಕ್ಕೇ ಜಿಪ್ಸಮ್ ಕೊಡಿ ಎಂದು ಕೃಷಿಯವರು ಹೇಳುವುದರ ಗುಟ್ಟು ಇದು. ಗಂಗಾವತಿಯಲ್ಲಿ ಮಣ್ಣನ್ನು ಬಿಗಿದ ಕ್ಯಾಲ್ಸಿಯಂ ಇಲ್ಲಿ ಕಾಳು ತುಂಬುತ್ತದೆ.

ಇನ್ನು ಚಿಟಿಕೆಯಷ್ಟೇ ಬೇಕಾಗುವ ಪೋಷಕಾಂಶಗಳ ಲೋಕ. 2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ಭೂಚೇತನ ಯೋಜನೆ ಶುರು ಮಾಡಿತು. ಮಳೆ ನಂಬಿದ ಹೊಲಗಳ ಮಣ್ಣು ಪರೀಕ್ಷಿಸಿದಾಗ ಎದ್ದು ಕಂಡ ಕೊರತೆ ಗಂಧಕ, ಸತು, ಬೋರಾನ್‌ಗಳದ್ದು. ಸತುವಿನ ಲೆಕ್ಕ ನೋಡಿ. ಹತ್ತು ಲಕ್ಷ ಭಾಗ ಮಣ್ಣಿನಲ್ಲಿ ಬೆಳೆಗೆ ದಕ್ಕುವ ಸತು 0.6 ಭಾಗಕ್ಕಿಂತ ಇಳಿದರೆ ಕೊರತೆ ಎನ್ನುತ್ತಾರೆ. ಎಕರೆಯ ಮೇಲ್ಪದರದ ಆರೇಳು ಅಂಗುಲ ಮಣ್ಣಿನ ತೂಕ ಸುಮಾರು ಒಂಬತ್ತು ಲಕ್ಷ ಕಿಲೋ. ಅಂದರೆ ಇಡೀ ಎಕರೆಯಲ್ಲಿ ಬೆಳೆಯ ಹಣೆಬರಹ ನಿರ್ಧರಿಸುವುದು ಅರ್ಧ ಕಿಲೋ ಸತು! ಪಿಎಚ್ ಒಂದು ಅಂಕ ಏರಿದರೆ ಕರಗಿರುವ ಸತು ನೂರು ಪಟ್ಟು ಇಳಿಯುತ್ತದೆ. ಕ್ಷಾರದ ನೆಲದಲ್ಲಿ ಭತ್ತದ ಎಲೆಗಳು ತುಕ್ಕು ಬಣ್ಣಕ್ಕೆ ತಿರುಗುವುದನ್ನು ರೋಗವೆಂದು ತಿಳಿದಿದ್ದವರಿಗೆ, ಇದು ಸತುವಿನ ಹಸಿವು ಎಂದು 1966ರಲ್ಲಿ ಪಂತನಗರದ ವೈ. ಎಲ್. ನೆನೆ ತೋರಿಸಿಕೊಟ್ಟರು. ಸತು ಮಣ್ಣಿನಲ್ಲಿ ಇದ್ದೇ ಇರುತ್ತದೆ, ಬಾಗಿಲು ಮುಚ್ಚಿರುತ್ತದೆ, ಅಷ್ಟೆ.

ಬೋರಾನ್ ಇನ್ನೂ ಅಚ್ಚರಿ. 1923ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಕ್ಯಾಥರೀನ್ ವಾರಿಂಗ್ಟನ್ ಎಂಬ ವಿಜ್ಞಾನಿ, ಬೋರಾನ್ ಇಲ್ಲದೆ ಅವರೆ ಜಾತಿಯ ಗಿಡ ಬದುಕದು ಎಂದು ತೋರಿಸಿದರು. ಜೀವಕೋಶದ ಗೋಡೆಯ ಪೆಕ್ಟಿನ್ ಎಳೆಗಳನ್ನು ಎರಡೆರಡಾಗಿ ಬೆಸೆಯುವುದು ಅದೇ. ಹೂವಿನಲ್ಲಿ ಪರಾಗದ ನಳಿಕೆ ಅಂಡಾಶಯದತ್ತ ಸಾಗಲೂ ಅದು ಬೇಕು. ಕೊರತೆಯಾದರೆ ಸೂರ್ಯಕಾಂತಿಯ ತೆನೆಯಲ್ಲಿ ಕಾಳು ತುಂಬುವುದಿಲ್ಲ, ಶೇಂಗಾ ಕಾಳಿನ ನಡು ಟೊಳ್ಳು. ಈ ಬೋರಾನ್ ಬಂದದ್ದೆಲ್ಲಿಂದ? ನಮ್ಮ ರಕ್ತದ ಕಬ್ಬಿಣ, ಎಲುಬಿನ ಕ್ಯಾಲ್ಸಿಯಂ ನಕ್ಷತ್ರಗಳ ಬೇಗೆಯಲ್ಲಿ ಹುಟ್ಟಿದವು. ಬೋರಾನ್ ಹಾಗಲ್ಲ, ನಕ್ಷತ್ರದ ಒಡಲಲ್ಲಿ ಅದು ಉಳಿಯದು, ಉರಿದು ಹೋಗುತ್ತದೆ. ಅದರ ಬಹುಪಾಲು ಹುಟ್ಟಿದ್ದು ನಕ್ಷತ್ರಗಳ ನಡುವಿನ ಬಯಲಿನಲ್ಲಿ, ವಿಶ್ವಕಿರಣಗಳು ಇಂಗಾಲ, ಆಮ್ಲಜನಕಗಳ ಪರಮಾಣು ಬೀಜಗಳಿಗೆ ಬಡಿದು ಒಡೆದಾಗ! ಆ ಚೂರುಗಳು ಭೂಮಿಗೆ ಸೇರಿ, ಕುಷ್ಟಗಿಯ ಸೂರ್ಯಕಾಂತಿಯ ಹೂವಿನೊಳಗೆ ಪರಾಗಕ್ಕೆ ದಾರಿ ಮಾಡಿಕೊಡುತ್ತಿವೆ.

ಎಕರೆಗೆ ಬೇಕಾದ ಬೋರಾನ್ ಎಷ್ಟು ಗೊತ್ತೆ? ಇಕ್ರಿಸ್ಯಾಟ್‌ನ ಶಿಫಾರಸು ಹೆಕ್ಟೇರಿಗೆ ಅರ್ಧ ಕಿಲೋ, ಅಂದರೆ ಎಕರೆಗೆ 200 ಗ್ರಾಂ. ಹೆಚ್ಚಾದರೂ ಕಷ್ಟ, ಸಾಕು ಮತ್ತು ವಿಷ ಎನ್ನುವುದರ ನಡುವಿನ ಅಂತರ ಬೋರಾನ್‌ನಲ್ಲಿ ತೀರ ಕಿರಿದು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ, ಬಹಳಷ್ಟು ಜನ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಮೂರು ಸಾಲು ನೋಡಿ ಮಡಚಿಡುತ್ತಾರೆ. ದಯವಿಟ್ಟು ಕೆಳಗಿನ ಸಾಲುಗಳನ್ನೂ ಓದಿ. ಪಿಎಚ್, ಲವಣಾಂಶ, ಗಂಧಕ, ಸತು, ಬೋರಾನ್ ಅಲ್ಲಿವೆ, ಮುಂದಿನ ಬಿತ್ತನೆಗೆ ಮುಂಚೆ ಏನು ಹಾಕಬೇಕು, ಏನು ಹಾಕಬಾರದು ಎನ್ನುವುದೂ ಅಲ್ಲೇ ಇದೆ.