ಸೈಕಲ್ ಸವಾರಿ, ಸೈಕಲ್ ರಿಪೇರಿ

ಮನೆಯಲ್ಲಿರುವ ಯಂತ್ರಗಳನ್ನು ಒಮ್ಮೆ ಎಣಿಸಿ ನೋಡಿ. ರೇಡಿಯೋ, ಫ್ಯಾನು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ಜೇಬಿನಲ್ಲಿರುವ ಮೊಬೈಲ್ ಫೋನು, ಇವೆಲ್ಲ ನಮಗೆ ದಿನವೂ ಬೇಕು. ಆದರೆ ಇವುಗಳ ಒಡಲಲ್ಲಿ ಏನು ನಡೆಯುತ್ತದೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಕೆಟ್ಟರೆ ಬಲ್ಲವರ ಮುಂದಿಟ್ಟು ಕೈಕಟ್ಟಿ ನಿಲ್ಲುತ್ತೇವೆ. ಈ ಮಾತಿಗೆ ಹೊರತಾದ ಯಂತ್ರ ಒಂದುಂಟು. ಅದಕ್ಕೆ ಮುಚ್ಚಳವಿಲ್ಲ, ಗುಟ್ಟೂ ಇಲ್ಲ. ಎಲ್ಲಿ ತುಳಿದರೆ ಏನು ತಿರುಗುತ್ತದೆ, ಏನನ್ನು ಹಿಡಿದರೆ ಯಾವುದು ನಿಲ್ಲುತ್ತದೆ ಎಂಬುದನ್ನು ಹತ್ತು ವರ್ಷದ ಮಗುವೂ ಕಣ್ಣಾರೆ ನೋಡಿ ತಿಳಿಯಬಹುದು. ಅದೇ ನಮ್ಮ ಬೈಸಿಕಲ್ಲು.

ಸೈಕಲ್ಲಿನಿಂದ ದೊರೆಯುವ ಸಂತೋಷ ಎರಡು ಬಗೆಯದು. ಒಂದು ಸವಾರಿಯದು, ಇನ್ನೊಂದು ಅದನ್ನು ಬಿಚ್ಚಿ, ಒರೆಸಿ, ಸರಿಪಡಿಸಿ ಮತ್ತೆ ಜೋಡಿಸುವುದರದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದರ ರುಚಿ ಕಂಡವರು ಕಡಮೆ. ಆದರೆ ಎರಡನೆಯದು ಕೈಗೆ ಹತ್ತಿದ ಮೇಲೆಯೇ ಮೊದಲನೆಯದು ಪೂರ್ತಿಯಾಗುತ್ತದೆ.

ಈ ವಾಹನದ ಹುಟ್ಟನ್ನು ಸ್ವಲ್ಪ ನೆನೆಯೋಣ. 1817ರಲ್ಲಿ ಜರ್ಮನಿಯ ಮನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಗಾಲಿಗಳ ಮರದ ಗಾಡಿಯೊಂದನ್ನು ಓಡಿಸಿದ. ಅದಕ್ಕೆ ಪೆಡಲು ಇರಲಿಲ್ಲ. ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ ಸೈಕಲ್ಲಿನಲ್ಲಿ ಚೈನು ಹಿಂದಿನ ಗಾಲಿಯನ್ನು ತಿರುಗಿಸುತ್ತಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರುಗಾಲಿ ಸೈಕಲ್ಲು ಕುಲುಕದಿರಲೆಂದು ತಾನು ಹೂಡಿದ್ದ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ. ಅಲ್ಲಿಗೆ ಸೈಕಲ್ಲಿನ ರೂಪ ಹೆಚ್ಚುಕಡಮೆ ನಿಂತಂತಾಯಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿಯೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಆರಂಭವಾದವು. ಅಂಚೆಯವರಿಗೂ ಹಾಲಿನವರಿಗೂ ಗುಮಾಸ್ತರಿಗೂ ಮೇಷ್ಟರಿಗೂ ಆ ಕಪ್ಪು ಸೈಕಲ್ಲೇ ಕುದುರೆಯಾಯಿತು.

ನಗರದಲ್ಲಿ ಸೈಕಲ್ ಸವಾರಿಯ ಸುಖವೇನೆಂದು ತಿಳಿಯಬೇಕಾದರೆ ಮೈಸೂರಿನಂಥ ಊರಿನಲ್ಲಿ ಬೆಳಗ್ಗೆ ಆರು ಗಂಟೆಗೆ ಹೊರಡಬೇಕು. ಸರಸ್ವತೀಪುರದ ಕಡೆಯಿಂದ ಕುಕ್ಕರಹಳ್ಳಿ ಕೆರೆಯ ಬಳಿಗೆ ಬಂದರೆ ನೀರ ಮೇಲಿನ ತಣ್ಣನೆಯ ಗಾಳಿ ಮುಖಕ್ಕೆ ತಾಕುತ್ತದೆ, ಹಕ್ಕಿಗಳ ಕಲರವ ಕೇಳುತ್ತದೆ. ಅಲ್ಲಿಂದ ಪೇಟೆಯತ್ತ ತಿರುಗಿ ದೇವರಾಜ ಮಾರುಕಟ್ಟೆಯನ್ನು ಸಮೀಪಿಸಿದರೆ ಮಲ್ಲಿಗೆಯ ವಾಸನೆ, ಎಲ್ಲೋ ಕಾಫಿ ಬೀಜ ಹುರಿಯುವ ವಾಸನೆ. ಮೋಟಾರಿನಲ್ಲಿ ಹೋಗುವವರಿಗೆ ಇವು ಸಿಕ್ಕುವುದಿಲ್ಲ. ಕಾಲ್ನಡಿಗೆಯವರಿಗೆ ಸಿಕ್ಕುತ್ತವೆ, ಆದರೆ ಒಂದು ಬೆಳಗಿನಲ್ಲಿ ಇಷ್ಟೆಲ್ಲ ಸಿಕ್ಕುವುದಿಲ್ಲ. ಪರಿಚಿತರು ಕಂಡರೆ ಒಂದು ಕಾಲು ನೆಲಕ್ಕೆ ಊರಿದರಾಯಿತು, ಮಾತುಕತೆ ಆರಂಭ. ಸೈಕಲ್ಲು ನಿಲ್ಲಿಸಲು ಜಾಗ ಹುಡುಕಿ ಅಲೆಯಬೇಕಾಗಿಲ್ಲ.

ಇಷ್ಟು ಸುಖಕ್ಕೆ ಶ್ರಮವೆಷ್ಟು? ಲೆಕ್ಕ ಹಾಕಿ ನೋಡಿ. ಪೆಡಲಿನ ಬಳಿಯ ಹಲ್ಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಗಾಲಿಯದಕ್ಕೆ 18 ಹಲ್ಲು ಇವೆಯೆನ್ನೋಣ. ನೀವು ಒಂದು ಸುತ್ತು ತುಳಿದರೆ ಗಾಲಿ ಹತ್ತಿರ ಹತ್ತಿರ ಎರಡೂವರೆ ಸುತ್ತು ತಿರುಗುತ್ತದೆ. 28 ಅಂಗುಲದ ಗಾಲಿಯ ಸುತ್ತಳತೆ ಸುಮಾರು 88 ಅಂಗುಲ. ಎಂದರೆ, ಪೆಡಲಿನ ಒಂದೇ ಸುತ್ತಿಗೆ ಸುಮಾರು ಐದೂವರೆ ಮೀಟರು ದಾರಿ ಸಾಗಿತು! ಸಮತಟ್ಟಾದ ರಸ್ತೆಯಲ್ಲಿ ನಡೆಯುವುದಕ್ಕಿಂತ ಸ್ವಲ್ಪವೇ ಹೆಚ್ಚು ಶ್ರಮಪಟ್ಟು ಅದರ ಮೂರರಷ್ಟು ವೇಗದಲ್ಲಿ ಹೋಗಬಹುದು. ಇಳಿಜಾರು ಬಂದಾಗ ತುಳಿಯುವುದೇ ಬೇಡ. ಆಗ ಹಿಂದಿನಿಂದ ‘ಟಿಕ್ ಟಿಕ್’ ಎಂಬ ಸದ್ದು ಕೇಳುತ್ತದಷ್ಟೆ? ಹಿಂಗಾಲಿಯ ಫ್ರೀವೀಲಿನೊಳಗೆ ಪುಟ್ಟ ನಾಲಗೆಗಳುಂಟು. ನೀವು ತುಳಿದಾಗ ಅವು ಹಲ್ಲುಗಳಿಗೆ ಸಿಕ್ಕಿಕೊಂಡು ಗಾಲಿಯನ್ನು ತಳ್ಳುತ್ತವೆ. ತುಳಿಯುವುದನ್ನು ಬಿಟ್ಟಾಗ ಹಲ್ಲಿನಿಂದ ಹಲ್ಲಿಗೆ ಜಾರುತ್ತವೆ. ಆ ಜಾರುವಿಕೆಯೇ ಈ ಸಂಗೀತ.

ಇನ್ನು ರಿಪೇರಿಯ ಮಾತು. ಹೊಸಬರು ಟ್ಯೂಬಿನ ಕವಾಟದಿಂದ ಆರಂಭಿಸುವುದು ಒಳ್ಳೆಯದು. ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಕವಾಟದ ಸಣ್ಣ ಕಡ್ಡಿಗೆ ರಬ್ಬರಿನ ತೆಳ್ಳನೆಯ ನಳಿಗೆಯೊಂದನ್ನು ತೊಡಿಸಿರುತ್ತಾರೆ. ಇದಕ್ಕೆ ಅಂಗಡಿಯಲ್ಲಿ ವಾಲ್ ಟ್ಯೂಬು ಎನ್ನುತ್ತಾರೆ. ಪಂಪು ಹೊಡೆದಾಗ ಗಾಳಿ ಕಡ್ಡಿಯ ಪಕ್ಕದ ತೂತಿನಿಂದ ಹೊರಟು ಈ ರಬ್ಬರನ್ನು ಎತ್ತಿ ಒಳಕ್ಕೆ ನುಗ್ಗುತ್ತದೆ. ಒಳಗೆ ಹೋದ ಗಾಳಿಯೇ ರಬ್ಬರನ್ನು ಒತ್ತಿ ತೂತನ್ನು ಮುಚ್ಚಿಬಿಡುತ್ತದೆ. ಒಳಗೆ ಬಂದವನೇ ಬಾಗಿಲು ಹಾಕಿಕೊಂಡಂತೆ! ಬಿಸಿಲಿಗೂ ವಯಸ್ಸಿಗೂ ಈ ರಬ್ಬರು ಬಿರಿಯುತ್ತದೆ. ರಾತ್ರಿ ಗಟ್ಟಿಯಾಗಿದ್ದ ಗಾಲಿ ಬೆಳಗ್ಗೆ ಮೆತ್ತಗಾಗಿದ್ದರೆ ಪಂಕ್ಚರು ಎಂದು ಗಾಬರಿಪಡಬೇಡಿ. ಕವಾಟದ ಬಾಯಿಗೆ ಒಂದು ಹನಿ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಅಂಗುಲದುದ್ದದ ಹೊಸ ನಳಿಗೆ ತೊಡಿಸಿದರೆ ಸಾಕು.

ಪಂಕ್ಚರೇ ಆಗಿದ್ದರೂ ಹೆದರಬೇಕಾಗಿಲ್ಲ. ಟೈರಿನ ಒಂದು ಅಂಚನ್ನು ಲಿವರಿನಿಂದ ಮೀಟಿ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸುತ್ತ ಹೋಗಿ. ಗುಳ್ಳೆ ಬಂದಲ್ಲಿ ಗುರುತು ಮಾಡಿ, ಒರೆಸಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ನನ್ನು ತೆಳ್ಳಗೆ ಸವರಿ. ಇಲ್ಲಿ ಅವಸರ ಸಲ್ಲದು. ಅಂಟು ಹಸಿಯಾಗಿರುವಾಗಲೇ ತೇಪೆ ಹಾಕಿದರೆ ಅದು ನಿಲ್ಲುವುದಿಲ್ಲ. ಬೆರಳಿಗೆ ಹತ್ತದಷ್ಟು ಆರಿದ ಮೇಲೆ ತೇಪೆಯಿಟ್ಟು ಬಲವಾಗಿ ಒತ್ತಬೇಕು. ಟ್ಯೂಬನ್ನು ಒಳಗೆ ಸೇರಿಸುವ ಮುಂಚೆ ಟೈರಿನ ಒಳಮೈಯನ್ನು ಹುಷಾರಾಗಿ ಬೆರಳಿನಿಂದ ತಡವಿ ನೋಡಿ. ಚುಚ್ಚಿದ ಮುಳ್ಳು ಅಲ್ಲಿಯೇ ಉಳಿದಿದ್ದರೆ ನಾಳೆ ಮತ್ತೆ ಅದೇ ಕಥೆ.

ಚೈನಿಗೆ ಎಣ್ಣೆ ಬಿಡುವಾಗ ಹೆಚ್ಚು ಬಿಟ್ಟಷ್ಟೂ ಒಳ್ಳೆಯದೆಂದು ಕೆಲವರು ತಿಳಿಯುತ್ತಾರೆ. ಹೊರಗೆ ಉಳಿದ ಎಣ್ಣೆ ದೂಳನ್ನು ಹಿಡಿದು ಅರೆಯುವ ಹಿಟ್ಟಾಗುತ್ತದೆ, ಚೈನನ್ನೇ ತಿನ್ನುತ್ತದೆ. ಕೊಂಡಿಗೊಂದು ಹನಿ ಬಿಟ್ಟು, ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿ, ಹೊರಗಿನದನ್ನು ಬಟ್ಟೆಯಿಂದ ಒರೆಸಿಬಿಡಿ. ಪೆಡಲು ಬಿಚ್ಚುವಾಗ ಒಂದು ವಿಷಯ ನೆನಪಿರಲಿ. ಎಡಗಡೆಯ ಪೆಡಲಿನ ಮರೆ ತಿರುವುಮುರುವಾಗಿರುತ್ತದೆ. ತುಳಿತದಲ್ಲೇ ಅದು ತಾನಾಗಿ ಸಡಿಲವಾಗಿ ಬಿಚ್ಚಿಕೊಳ್ಳಬಾರದೆಂದು ಹೀಗೆ ಮಾಡಿದ್ದಾರೆ. ಇದನ್ನು ತಿಳಿಯದವರು ಬಿಚ್ಚಲು ಹೋಗಿ ಇನ್ನಷ್ಟು ಬಿಗಿದುಬಿಡುತ್ತಾರೆ.

ಗಾಲಿಯ ಕಡ್ಡಿಗಳದು ಇನ್ನೂ ಸೊಗಸು. ಕಪ್ಪು ಸೈಕಲ್ಲಿನ ಮುಂದಿನ ಗಾಲಿಯಲ್ಲಿ 32, ಹಿಂದಿನದರಲ್ಲಿ 40 ಕಡ್ಡಿಗಳಿರುವುದು ರೂಢಿ. ಇಷ್ಟು ತೆಳ್ಳನೆಯ ಕಡ್ಡಿಗಳು ಆಳಿನ ಭಾರವನ್ನು ಹೇಗೆ ತಡೆಯುತ್ತವೆ? ಅವು ಮನೆಯ ಕಂಬಗಳಂತೆ ನಿಂತಿಲ್ಲ, ವೀಣೆಯ ತಂತಿಗಳಂತೆ ಬಿಗಿದಿವೆ. ಎಲ್ಲ ಕಡ್ಡಿಗಳೂ ರಿಮ್ಮನ್ನು ನಡುವಿಗೆ ಎಳೆಯುತ್ತಿರುವುದರಿಂದಲೇ ಗಾಲಿ ದುಂಡಗೆ, ನೆಟ್ಟಗೆ ನಿಲ್ಲುತ್ತದೆ. ಸಂಗೀತ ಬಲ್ಲವರು ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡಬಹುದು. ಶ್ರುತಿ ಇಳಿದ ಕಡ್ಡಿ ಸಡಿಲವಾಗಿದೆ ಎಂದೇ ಅರ್ಥ. ರಿಮ್ಮು ಎಡಕ್ಕೆ ವಾಲಿದ್ದರೆ ಅಲ್ಲಿನ ಬಲಮಗ್ಗುಲಿನ ಕಡ್ಡಿಯನ್ನು ಕಾಲು ಸುತ್ತು ಬಿಗಿಯಬೇಕು, ನೋಡಬೇಕು, ಬೇಕಾದರೆ ಮತ್ತೆ ಕಾಲು ಸುತ್ತು. ತಂಬೂರಿ ಶ್ರುತಿ ಮಾಡುವ ತಾಳ್ಮೆಯೇ ಇಲ್ಲಿಯೂ ಬೇಕು.

ಎಲ್ಲವನ್ನೂ ನಾವೇ ಮಾಡಬೇಕೆಂಬ ಹಟವೂ ಬೇಡ. ಫ್ರೇಮಿನಲ್ಲಿ ಬಿರುಕು ಕಂಡರೆ, ಮುಂದಿನ ಫೋರ್ಕು ಬಾಗಿದರೆ ನುರಿತವರಿಗೇ ತೋರಿಸಬೇಕು. ಬ್ರೇಕನ್ನಂತೂ ಪ್ರತಿದಿನ ಹೊರಡುವ ಮುನ್ನ ಒಮ್ಮೆ ಹಿಡಿದು ನೋಡಿ. ಮಳೆಯಲ್ಲಿ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕಿನ ಹಿಡಿತ ಬಹಳ ಕುಗ್ಗುತ್ತದೆ. ಆಗ ವೇಗ ತಗ್ಗಿಸಿ ಮುಂಚಿತವಾಗಿಯೇ ಬ್ರೇಕು ಹಿಡಿಯುವುದು ಕ್ಷೇಮ.

ಇದೆಲ್ಲ ಬಿಡುವಿನ ವೇಳೆಯ ವಿನೋದ ಮಾತ್ರವೆ? ಹಾಗೆನ್ನುವಂತಿಲ್ಲ. ಕರ್ನಾಟಕದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಸರ್ಕಾರಿ ಯೋಜನೆ 2006-07ರಲ್ಲಿ ಆರಂಭವಾಯಿತು. ದೂರದ ಶಾಲೆ ಅನೇಕ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಆದರೆ ಒಂದು ಮುಳ್ಳು ಚುಚ್ಚಿ ಸೈಕಲ್ಲು ಗೋಡೆಗೆ ಒರಗಿತೆಂದರೆ ಆ ಶಾಲೆ ಮತ್ತೆ ದೂರವೇ. ತೇಪೆ ಹಾಕಲು ಬಲ್ಲ ಹುಡುಗಿ ಮರುದಿನವೂ ತರಗತಿಯಲ್ಲಿರುತ್ತಾಳೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾದಾಗ ಸೈಕಲ್ಲಿನ ಗಂಟೆಯ ಸದ್ದೇ ಅದರ ಹೆಸರಾಯಿತು. ಸೈಕಲ್ಲಿನ ಮೇಲೆ ನಗರಕ್ಕೆ ಅಕ್ಕರೆ ಆರಿಲ್ಲವೆಂಬುದಕ್ಕೆ ಇದೊಂದು ಗುರುತು. ಆದರೆ ಮರದ ನೆರಳಿನಲ್ಲಿ ನೀರಿನ ಬಾಣಲೆ, ಪಂಪು, ಹಳೆಯ ಟೈರುಗಳನ್ನಿಟ್ಟುಕೊಂಡು ಕುಳಿತಿರುತ್ತಿದ್ದ ರಿಪೇರಿಯವರು ಈಗ ಮೊದಲಿನಂತೆ ಬೀದಿಗೊಬ್ಬರು ಸಿಕ್ಕುವುದಿಲ್ಲ. ಆ ಬಲ್ಲಿಕೆ ಅವರೊಂದಿಗೇ ಮುಗಿದುಹೋಗಬಾರದಾದರೆ ಅದು ನಮ್ಮ ಮನೆಗಳಲ್ಲಿ ಮುಂದುವರಿಯಬೇಕು.

ಅದಕ್ಕೆ ಬೇಕಾದ ಸಲಕರಣೆ ಹೆಚ್ಚೇನಲ್ಲ. ಒಂದು ಪಂಪು, ಒಂದು ಸ್ಪ್ಯಾನರು, ಎರಡು ಟೈರ್ ಲಿವರು, ತೇಪೆ, ಸಲ್ಯೂಷನ್ನು, ಎಣ್ಣೆಯ ಬುಡ್ಡಿ, ಹಳೆಯ ಬಟ್ಟೆ, ಇಷ್ಟನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಭಾನುವಾರ ಬೆಳಗ್ಗೆ ಒಂದು ಗಂಟೆಯನ್ನು ಮೀಸಲಿಡಿ. ಮಗನೋ ಮಗಳೋ ಮೊಮ್ಮಗಳೋ ಪಕ್ಕದಲ್ಲಿ ಕುಳಿತು ತಿರುಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಡಲಿ. ಕೈ ಮಸಿಯಾದೀತು, ಸೋಪಿನಿಂದ ತೊಳೆದರೆ ಹೋಗುತ್ತದೆ. ಮಾರನೆಯ ದಿನ ರಸ್ತೆಗಿಳಿದಾಗ ಗಾಲಿ ಸದ್ದಿಲ್ಲದೆ ಉರುಳುತ್ತದಲ್ಲ, ಅದು ತನ್ನ ಕೈಯ ಕೆಲಸವೆಂದು ಆ ಮಗುವಿಗೆ ಗೊತ್ತಿರುತ್ತದೆ.